ಜೋಸೆಫ್ ಪಿಲಾಟೀಸ್

ಜೋಸೆಫ್ ಹ್ಯೂಬರ್ಟಸ್ ಪಿಲಾಟೀಸ್ (9 ಡಿಸೆಂಬರ್ 1883 – 9 ಅಕ್ಟೋಬರ್ 1967) ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ವ್ಯಾಯಾಮ ಶಿಕ್ಷಕ, ವ್ಯಾಯಾಮ ಉಪಕರಣಗಳ ವಿನ್ಯಾಸಕ ಹಾಗೂ ಲೇಖಕ. ಇಂದು ಜಗತ್ತಿನಾದ್ಯಂತ ಪಿಲಾಟೀಸ್ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿರುವ ವ್ಯಾಯಾಮ ಪದ್ಧತಿಯ ಪ್ರವರ್ತಕರು ಇವರೇ. ತಮ್ಮ ಪದ್ಧತಿಯನ್ನು ಇವರು ಕಂಟ್ರಾಲಜಿ, ಅಂದರೆ ನಿಯಂತ್ರಣಶಾಸ್ತ್ರ, ಎಂದು ಕರೆಯುತ್ತಿದ್ದರು. ಹೊಟ್ಟೆ, ಸೊಂಟ ಮತ್ತು ಕೆಳಬೆನ್ನಿನ ಸ್ನಾಯುಗಳು ಒಂದಾಗಿ ಕೆಲಸ ಮಾಡಿದಾಗ ಮಾತ್ರ ಬೆನ್ನೆಲುಬು ಸುರಕ್ಷಿತವಾಗಿರುತ್ತದೆ ಮತ್ತು ಕೈಕಾಲುಗಳ ಚಲನೆ ಹತೋಟಿಗೆ ಬರುತ್ತದೆ ಎಂಬುದು ಈ ಪದ್ಧತಿಯ ತಿರುಳು. ಪಿಲಾಟೀಸ್ ಅವರ ಜೀವಿತಕಾಲದಲ್ಲಿ ವೈದ್ಯಲೋಕ ಈ ವಿಚಾರಕ್ಕೆ ಹೆಚ್ಚಿನ ಗಮನ ಕೊಡಲಿಲ್ಲ. ಅವರ ಮರಣದ ನಂತರ ಇದು ಕೆಳಬೆನ್ನು ನೋವಿನ ಪುನಶ್ಚೇತನ ಚಿಕಿತ್ಸೆಯಲ್ಲಿ ಸ್ಥಾನ ಪಡೆಯಿತು. ಆದರೆ ಬೆನ್ನೆಲುಬಿನ ಆಕಾರದ ಬಗ್ಗೆ ಅವರು ಹೊಂದಿದ್ದ ಕೆಲವು ನಂಬಿಕೆಗಳನ್ನು ನಂತರದ ತಲೆಮಾರು ತಿದ್ದಿಕೊಳ್ಳಬೇಕಾಯಿತು.

ಆರಂಭಿಕ ಜೀವನ

ಪಿಲಾಟೀಸ್ ಪಶ್ಚಿಮ ಜರ್ಮನಿಯ ರೈನ್ ಪ್ರಾಂತದ ಮೊನ್ಶೆನ್‌ಗ್ಲಾಡ್‌ಬಾಖ್ ಪಟ್ಟಣದಲ್ಲಿ ಜನಿಸಿದರು. ಬಟ್ಟೆ ಗಿರಣಿಗಳಿಗೆ ಹೆಸರಾಗಿದ್ದ ಈ ಪಟ್ಟಣದಲ್ಲಿ ಅವರ ತಂದೆ ಲೋಹದ ಕೆಲಸಗಾರರಾಗಿದ್ದರು ಮತ್ತು ಸ್ಥಳೀಯ ವ್ಯಾಯಾಮ ಸಂಘದಲ್ಲಿ ಸಕ್ರಿಯರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಇಂತಹ ವ್ಯಾಯಾಮ ಸಂಘಗಳು ಊರೂರಿನಲ್ಲಿಯೂ ಇದ್ದವು. ಫ್ರೀಡ್ರಿಖ್ ಲುಡ್ವಿಗ್ ಯಾನ್ ಆರಂಭಿಸಿದ ಟರ್ನರ್ ಚಳವಳಿಯ ಪ್ರಭಾವದಿಂದ ಸಮಾಂತರ ಸರಳು, ಅಡ್ಡಪಟ್ಟಿ ಮತ್ತು ಉಂಗುರಗಳ ಮೇಲಿನ ಕಸರತ್ತು ಅಲ್ಲಿ ಸಾಮಾನ್ಯ ಜನರ ಬದುಕಿನ ಭಾಗವಾಗಿತ್ತು. ಲೋಹದ ಕೆಲಸ ಮತ್ತು ವ್ಯಾಯಾಮ ಎಂಬ ಮನೆಯ ಎರಡು ಪರಿಸರಗಳೂ ಮುಂದೆ ಮಗನ ಕೆಲಸದಲ್ಲಿ ಸೇರಿಕೊಂಡದ್ದನ್ನು ಕಾಣಬಹುದು.

ಬಾಲ್ಯದಲ್ಲಿ ಪಿಲಾಟೀಸ್ ಅವರನ್ನು ಉಬ್ಬಸ, ರಿಕೆಟ್ಸ್ ಮತ್ತು ಸಂಧಿವಾತ ಜ್ವರ ಕಾಡಿದ್ದವೆಂದು ಅವರ ಕುರಿತ ಬಹುತೇಕ ಬರಹಗಳು ಹೇಳುತ್ತವೆ. ದುರ್ಬಲ ಮೈಕಟ್ಟಿನ ಕಾರಣಕ್ಕೆ ಜೊತೆಯ ಮಕ್ಕಳಿಂದ ಹಂಗಿಸಿಕೊಂಡದ್ದೂ ಉಂಟೆಂಬ ಕಥನವಿದೆ. ಶರೀರರಚನೆಯ ಪುಸ್ತಕವೊಂದನ್ನು ಓದಿ ತಮ್ಮ ದೇಹದ ಒಂದೊಂದು ಭಾಗವನ್ನೂ ತಾವೇ ಚಲಿಸಿ ಪರೀಕ್ಷಿಸುತ್ತಾ ಹೋದ ಅವರು ಕಸರತ್ತು, ಮುಷ್ಟಿಯುದ್ಧ, ಈಜು ಮತ್ತು ಹಿಮಜಾರಾಟಗಳಲ್ಲಿ ಪಳಗಿದರು. ಹದಿಹರೆಯ ಮುಗಿಯುವ ಹೊತ್ತಿಗೆ ಅವರ ಮೈಕಟ್ಟು ಎದ್ದುಕಾಣುವಂತೆ ಬೆಳೆದಿತ್ತು. ಉಸಿರಾಟಕ್ಕೆ ಅವರು ಜೀವನದುದ್ದಕ್ಕೂ ಕೊಟ್ಟ ಮಹತ್ವವನ್ನು ಬಾಲ್ಯದ ಉಬ್ಬಸದೊಂದಿಗೆ ಜೋಡಿಸಿ ನೋಡುವುದು ವಾಡಿಕೆಯಾಗಿದೆ.

ಇಂಗ್ಲೆಂಡ್ ಮತ್ತು ಬಂಧನದ ವರ್ಷಗಳು

ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಪಿಲಾಟೀಸ್ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರು ಮುಷ್ಟಿಯುದ್ಧದ ಪಟುವಾಗಿ, ಸರ್ಕಸ್ ಕಲಾವಿದರಾಗಿ ಮತ್ತು ಆತ್ಮರಕ್ಷಣೆಯ ಶಿಕ್ಷಕರಾಗಿ ದುಡಿದರೆಂದು ಹೇಳಲಾಗುತ್ತದೆ. 1914ರಲ್ಲಿ ಯುದ್ಧ ಆರಂಭವಾದಾಗ ಬ್ರಿಟನ್ನಿನಲ್ಲಿದ್ದ ಜರ್ಮನ್ ನಾಗರಿಕರನ್ನು ಶತ್ರುದೇಶದ ಪ್ರಜೆಗಳೆಂದು ಪರಿಗಣಿಸಿ ಬಂಧಿಸಲಾಯಿತು. ಪಿಲಾಟೀಸ್ ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಪೀಲ್ ಪಟ್ಟಣದ ಸಮೀಪವಿದ್ದ ನಾಕಲೋ ಶಿಬಿರಕ್ಕೆ ಕಳುಹಿಸಲಾಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮರದ ಗುಡಿಸಲುಗಳಲ್ಲಿ ಕೂಡಿಹಾಕಿದ್ದ ಈ ಶಿಬಿರ ಬ್ರಿಟನ್ನಿನ ಅತಿದೊಡ್ಡ ನಾಗರಿಕ ಬಂಧನ ಶಿಬಿರವಾಗಿತ್ತು.

ಶಿಬಿರದ ಬದುಕಿನಲ್ಲಿ ಹಸಿವಿಗಿಂತ ನಿಷ್ಕ್ರಿಯತೆಯೇ ದೊಡ್ಡ ಕಷ್ಟವಾಗಿತ್ತು. ಮುಳ್ಳುತಂತಿಯೊಳಗೆ ವರ್ಷಗಟ್ಟಲೆ ಕೆಲಸವಿಲ್ಲದೆ ಉಳಿದವರಲ್ಲಿ ಕಾಣಿಸಿಕೊಳ್ಳುತ್ತಿದ್ದ ಮಾನಸಿಕ ಕುಸಿತಕ್ಕೆ ಸ್ವಿಸ್ ವೈದ್ಯ ಅಡಾಲ್ಫ್ ವಿಷರ್ ಮುಳ್ಳುತಂತಿ ರೋಗವೆಂಬ ಹೆಸರನ್ನೇ ಕೊಟ್ಟಿದ್ದರು. ಈ ವಾತಾವರಣದಲ್ಲಿ ಪಿಲಾಟೀಸ್ ಸಹಬಂದಿಗಳಿಗೆ ವ್ಯಾಯಾಮ ಕಲಿಸತೊಡಗಿದರು. ಸಲಕರಣೆಗಳಿಲ್ಲದೆ, ಸ್ವಲ್ಪವೇ ಜಾಗದಲ್ಲಿ, ನೆಲದ ಮೇಲೆ ಮಲಗಿ ಅಥವಾ ಕುಳಿತು ಮಾಡಬಹುದಾದ ಚಲನೆಗಳ ಸರಣಿ ಅಲ್ಲಿಯೇ ರೂಪುಗೊಂಡಿತೆಂದು ನಂಬಲಾಗಿದೆ.

ಹಾಸಿಗೆ ಹಿಡಿದ ರೋಗಿಗಳ ಮಂಚಗಳಿಗೆ ಸ್ಪ್ರಿಂಗುಗಳನ್ನು ಕಟ್ಟಿ, ಅವರು ಮಲಗಿದಲ್ಲಿಯೇ ಕೈಕಾಲು ಎಳೆದು ವ್ಯಾಯಾಮ ಮಾಡುವಂತೆ ಪಿಲಾಟೀಸ್ ಏರ್ಪಾಡು ಮಾಡಿದರೆಂಬ ಕಥೆ ಬಹಳ ಪ್ರಸಿದ್ಧವಾಗಿದೆ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಅವರ ಶಿಷ್ಯರಲ್ಲಿ ಒಬ್ಬರೂ ಸಾಯಲಿಲ್ಲವೆಂಬ ಮಾತೂ ಪ್ರಚಾರದಲ್ಲಿದೆ. ಈ ಎರಡೂ ವೃತ್ತಾಂತಗಳು ನಂತರದ ಕಾಲದ ನಿರೂಪಣೆಗಳನ್ನೇ ಅವಲಂಬಿಸಿವೆ. ಆದರೂ ಮಲಗಿದ ಭಂಗಿಯಲ್ಲಿ ಸ್ಪ್ರಿಂಗಿನ ಎದುರು ದುಡಿಯುವುದು ಅವರ ಮುಂದಿನ ಎಲ್ಲ ಪ್ರಮುಖ ಉಪಕರಣಗಳ ಮೂಲತತ್ತ್ವವಾಗಿ ಉಳಿಯಿತು.

ಜರ್ಮನಿಗೆ ಮರಳಿಕೆ

ಯುದ್ಧ ಮುಗಿದ ಮೇಲೆ ಪಿಲಾಟೀಸ್ 1919ರಲ್ಲಿ ಜರ್ಮನಿಗೆ ಹಿಂತಿರುಗಿದರು. ಅಲ್ಲಿ ಅವರು ಆತ್ಮರಕ್ಷಣೆ ಮತ್ತು ದೇಹದಾರ್ಢ್ಯದ ಶಿಕ್ಷಣ ನೀಡುತ್ತಾ ಉಪಕರಣಗಳ ವಿನ್ಯಾಸದಲ್ಲಿ ತೊಡಗಿದರು. ಚಲನೆಯ ಸಿದ್ಧಾಂತಿ ಹಾಗೂ ನೃತ್ಯಲಿಪಿಯ ನಿರ್ಮಾತೃ ರುಡಾಲ್ಫ್ ಫಾನ್ ಲಾಬಾನ್ ಅವರ ಬಳಗದೊಂದಿಗೆ ಅವರಿಗೆ ಸಂಪರ್ಕ ಬೆಳೆದದ್ದು ಈ ಅವಧಿಯಲ್ಲಿಯೇ ಎನ್ನಲಾಗಿದೆ. ಯುದ್ಧಾನಂತರದ ಜರ್ಮನಿಯಲ್ಲಿ ಆಧುನಿಕ ನೃತ್ಯ, ದೇಹಸಂಸ್ಕೃತಿ ಮತ್ತು ನಿಸರ್ಗ ಚಿಕಿತ್ಸೆಯ ಚಳವಳಿಗಳು ಪರಸ್ಪರ ಹತ್ತಿರವಾಗಿದ್ದವು. ಪಿಲಾಟೀಸ್ ಅವರ ಯೋಚನೆಗಳ ಮೇಲೆ ಈ ಮೂರರ ಛಾಯೆಯೂ ಇದೆ.

ನ್ಯೂಯಾರ್ಕಿನ ವ್ಯಾಯಾಮಶಾಲೆ

1926ರಲ್ಲಿ ಪಿಲಾಟೀಸ್ ಅಮೆರಿಕಕ್ಕೆ ವಲಸೆ ಹೋದರು. ಈ ಹಡಗು ಪ್ರಯಾಣದಲ್ಲಿ ಅವರಿಗೆ ಕ್ಲಾರಾ ಎಂಬ ಸಹಯಾತ್ರಿಯ ಪರಿಚಯವಾಯಿತೆಂದು ಹೇಳುವುದು ರೂಢಿ. ಆಕೆ ಅವರ ಜೀವನಸಂಗಾತಿಯೂ ಸಹಶಿಕ್ಷಕಿಯೂ ಆದರು. ಇಬ್ಬರೂ ಸೇರಿ ಮ್ಯಾನ್‌ಹಟನ್ನಿನ ಎಂಟನೆಯ ಅವೆನ್ಯೂದ 939ನೆಯ ಸಂಖ್ಯೆಯ ಕಟ್ಟಡದಲ್ಲಿ ವ್ಯಾಯಾಮಶಾಲೆಯನ್ನು ಸ್ಥಾಪಿಸಿದರು. ಸುತ್ತಮುತ್ತ ನೃತ್ಯಶಾಲೆಗಳೂ ರಂಗಮಂದಿರಗಳೂ ಇದ್ದುದರಿಂದ ಗಾಯಗೊಂಡ ನರ್ತಕರು ಇಲ್ಲಿಗೆ ಬರತೊಡಗಿದರು.

ಬ್ಯಾಲೆ ಮತ್ತು ಆಧುನಿಕ ನೃತ್ಯದ ಕಲಾವಿದರಿಗೆ ಬೆನ್ನು, ಮಂಡಿ ಮತ್ತು ಹಿಮ್ಮಡಿಯ ಗಾಯಗಳು ವೃತ್ತಿಯನ್ನೇ ಕೊನೆಗೊಳಿಸಬಲ್ಲ ಅಪಾಯಗಳು. ಆ ಕಾಲದಲ್ಲಿ ಇಂತಹ ಗಾಯಗಳಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಿದ್ದುದು ದೀರ್ಘ ವಿಶ್ರಾಂತಿಯನ್ನು. ಪಿಲಾಟೀಸ್ ಇದಕ್ಕೆ ಬದಲಾಗಿ, ನೋಯುವ ಭಾಗದ ಮೇಲೆ ಭಾರ ಬೀಳದಂತೆ ದೇಹವನ್ನು ಆಧರಿಸಿ, ಉಳಿದ ಸ್ನಾಯುಗಳನ್ನು ದುಡಿಸುವ ಕ್ರಮವನ್ನು ಅನುಸರಿಸಿದರು. ಮಾರ್ಥಾ ಗ್ರಹಾಂ, ಜಾರ್ಜ್ ಬ್ಯಾಲಂಚೀನ್, ರೂತ್ ಸೇಂಟ್ ಡೆನಿಸ್ ಮತ್ತು ಟೆಡ್ ಶಾನ್ ಅವರಂತಹ ನೃತ್ಯಲೋಕದ ಗಣ್ಯರು ಅವರ ಪದ್ಧತಿಯನ್ನು ಬಲ್ಲವರಾಗಿದ್ದರು. ಟೆಡ್ ಶಾನ್ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಟ್ಟಿದ ಜೇಕಬ್ಸ್ ಪಿಲ್ಲೋ ನೃತ್ಯಕೇಂದ್ರದಲ್ಲಿ ಪಿಲಾಟೀಸ್ ಹಲವು ಬೇಸಿಗೆಗಳಲ್ಲಿ ಪಾಠ ಹೇಳಿದರು.

ಶಿಕ್ಷಕರಾಗಿ ಪಿಲಾಟೀಸ್ ಶಿಸ್ತಿಗೆ ಹೆಸರಾಗಿದ್ದರು. ವಿವರಣೆಗಿಂತ ಕೈಯಿಂದ ಒತ್ತಿ ತಿದ್ದುವುದು ಅವರ ರೀತಿ. ಕ್ಲಾರಾ ಅವರು ತಾಳ್ಮೆಯವರೆಂದೂ, ನೋವಿನಿಂದ ಬಂದವರಿಗೆ ತಕ್ಕಂತೆ ವ್ಯಾಯಾಮವನ್ನು ಸೌಮ್ಯಗೊಳಿಸುತ್ತಿದ್ದರೆಂದೂ ಶಿಷ್ಯರು ನೆನಪಿಸಿಕೊಂಡಿದ್ದಾರೆ.

ಕಂಟ್ರಾಲಜಿ ಪದ್ಧತಿ

ಪಿಲಾಟೀಸ್ ಅವರ ಪದ್ಧತಿಯಲ್ಲಿ ಪ್ರತಿ ಚಲನೆಯೂ ದೇಹದ ನಡುಭಾಗದಿಂದ ಆರಂಭವಾಗುತ್ತದೆ. ಪಕ್ಕೆಲುಬುಗಳ ಕೆಳಗಿನಿಂದ ಶ್ರೋಣಿಯವರೆಗಿನ ಈ ಭಾಗವನ್ನು ಅನುಯಾಯಿಗಳು ಪವರ್‌ಹೌಸ್ ಎಂದು ಕರೆಯುತ್ತಾರೆ. ಹೊಟ್ಟೆಯ ಮುಂಭಾಗದಲ್ಲಿ ಉದ್ದಕ್ಕೆ ಇಳಿಯುವ ನೇರ ಸ್ನಾಯು, ಪಕ್ಕಗಳಲ್ಲಿ ಓರೆಯಾಗಿ ಹಾಯುವ ಎರಡು ಪದರಗಳು, ಎಲ್ಲಕ್ಕಿಂತ ಒಳಗೆ ನಡುಪಟ್ಟಿಯಂತೆ ಅಡ್ಡಲಾಗಿ ಸುತ್ತುವ ಸ್ನಾಯು, ಮೇಲೆ ವಪೆ, ಕೆಳಗೆ ಶ್ರೋಣಿತಳದ ಸ್ನಾಯುಗಳು ಮತ್ತು ಹಿಂದೆ ಕಶೇರುಕಗಳನ್ನು ಒಂದಕ್ಕೊಂದು ಬಿಗಿಯುವ ಸಣ್ಣ ಸ್ನಾಯುಗಳು ಇದರಲ್ಲಿ ಸೇರುತ್ತವೆ. ಇವೆಲ್ಲ ಸೇರಿ ಕೆಳಬೆನ್ನಿನ ಐದು ಕಶೇರುಕಗಳನ್ನು ಎಲ್ಲ ದಿಕ್ಕುಗಳಿಂದಲೂ ಆಧರಿಸುತ್ತವೆ.

ಹೊಟ್ಟೆಯ ವ್ಯಾಯಾಮಗಳಲ್ಲಿ ಕೆಳಬೆನ್ನಿಗೆ ಅಪಾಯ ಬರುವುದು ಹೆಚ್ಚಾಗಿ ತೊಡೆಸಂದಿನ ಸ್ನಾಯುಗಳಿಂದ. ಕೆಳಬೆನ್ನಿನ ಕಶೇರುಕಗಳಿಂದ ಹೊರಟು ತೊಡೆಮೂಳೆಗೆ ಸೇರುವ ಸೋಆಸ್ ಎಂಬ ಸ್ನಾಯು ಕಾಲನ್ನು ಎತ್ತುವಾಗ ಬೆನ್ನೆಲುಬನ್ನೂ ಮುಂದಕ್ಕೆ ಎಳೆಯುತ್ತದೆ. ಹೊಟ್ಟೆಯ ಸ್ನಾಯುಗಳು ಈ ಎಳೆತವನ್ನು ತಡೆಯುವಷ್ಟು ಬಲವಾಗಿಲ್ಲದಿದ್ದರೆ, ಮಲಗಿ ಎರಡೂ ಕಾಲುಗಳನ್ನು ನೇರವಾಗಿ ಇಳಿಸುವಾಗ ಸೊಂಟ ನೆಲದಿಂದ ಬಿಲ್ಲಿನಂತೆ ಮೇಲಕ್ಕೇಳುತ್ತದೆ. ಆಗ ಭಾರವೆಲ್ಲ ಬೆನ್ನಿನ ಕೀಲುಗಳ ಮೇಲೆ ಬೀಳುತ್ತದೆ. ಪಿಲಾಟೀಸ್ ಪದ್ಧತಿಯ ಶಿಕ್ಷಕರು ಹೊಟ್ಟೆಯನ್ನು ಒಳಕ್ಕೆಳೆದು ಹಿಡಿಯಬೇಕೆಂದೂ, ಬೆನ್ನು ಏಳದಿರುವ ಎತ್ತರದವರೆಗೆ ಮಾತ್ರ ಕಾಲನ್ನು ಇಳಿಸಬೇಕೆಂದೂ ಒತ್ತಿ ಹೇಳುವುದು ಇದೇ ಕಾರಣಕ್ಕೆ. ಎಷ್ಟು ಬಾರಿ ಮಾಡಿದೆವು ಎಂಬುದಕ್ಕಿಂತ ಎಷ್ಟು ಹತೋಟಿಯಿಂದ ಮಾಡಿದೆವು ಎಂಬುದು ಇಲ್ಲಿ ಮುಖ್ಯ. ಹೆಚ್ಚಿನ ಚಲನೆಗಳನ್ನು ಕೆಲವೇ ಬಾರಿ ಮಾಡಿ ಮುಂದಿನದಕ್ಕೆ ಸಾಗಲಾಗುತ್ತದೆ.

ಸರಣಿಯ ಮೊದಲ ವ್ಯಾಯಾಮದ ಹೆಸರು ಹಂಡ್ರೆಡ್, ಅಂದರೆ ನೂರು. ಅಂಗಾತ ಮಲಗಿ, ತಲೆ ಮತ್ತು ಹೆಗಲನ್ನು ಮೇಲೆತ್ತಿ, ಕಾಲುಗಳನ್ನು ನೆಲದಿಂದ ಎತ್ತಿ ಹಿಡಿದು, ಚಾಚಿದ ಕೈಗಳನ್ನು ಮೇಲೆ ಕೆಳಗೆ ಬಡಿಯುತ್ತಾ ಐದು ಎಣಿಕೆಗೆ ಉಸಿರನ್ನು ಒಳಗೆಳೆದು ಐದು ಎಣಿಕೆಗೆ ಹೊರಬಿಡುವುದು ಇದರ ಕ್ರಮ. ಆರಂಭದಲ್ಲಿ 20 ಎಣಿಕೆಗಳನ್ನು ಮಾತ್ರ ಮಾಡಿ, ಐದೈದರಂತೆ ಹೆಚ್ಚಿಸುತ್ತಾ 100ರವರೆಗೆ ತಲುಪಬೇಕೆಂದು ಪಿಲಾಟೀಸ್ ವಿಧಿಸಿದ್ದರು. ಬೆನ್ನು ದುರ್ಬಲವಾಗಿರುವವರಿಗೆ ಇಂದಿನ ಶಿಕ್ಷಕರು ಮಂಡಿಗಳನ್ನು ಮಡಚಿ ತೊಡೆಗಳನ್ನು ನೆಟ್ಟಗೆ ನಿಲ್ಲಿಸಿಕೊಳ್ಳಲು ಅಥವಾ ಪಾದಗಳನ್ನು ನೆಲದ ಮೇಲೆಯೇ ಇರಿಸಿಕೊಳ್ಳಲು ಹೇಳುತ್ತಾರೆ.

ಪಿಲಾಟೀಸ್ ಯೋಗವನ್ನೂ ಅಧ್ಯಯನ ಮಾಡಿದ್ದರೆಂದು ಅವರ ಅನುಯಾಯಿಗಳು ಹೇಳುತ್ತಾರೆ. ಅವರ ಕೆಲವು ಚಲನೆಗಳಿಗೂ ಯೋಗಾಸನಗಳಿಗೂ ಹೋಲಿಕೆ ಸ್ಪಷ್ಟವಾಗಿದೆ. ಟೀಸರ್ ಎಂಬ ಚಲನೆ ನಾವಾಸನವನ್ನೂ, ರೋಲ್ ಓವರ್ ಹಲಾಸನವನ್ನೂ, ಶೋಲ್ಡರ್ ಬ್ರಿಜ್ ಸೇತುಬಂಧಾಸನವನ್ನೂ ನೆನಪಿಸುತ್ತವೆ. ಆದರೆ ಆಸನದಲ್ಲಿ ಸ್ಥಿರವಾಗಿ ನಿಲ್ಲುವುದು ಪ್ರಧಾನವಾದರೆ, ಕಂಟ್ರಾಲಜಿಯಲ್ಲಿ ಭಂಗಿಯೊಳಕ್ಕೆ ಹೋಗುವ ಮತ್ತು ಅದರಿಂದ ಹೊರಬರುವ ಚಲನೆಯೇ ಪ್ರಧಾನ.

ಉಪಕರಣಗಳು

ಪಿಲಾಟೀಸ್ ವಿನ್ಯಾಸಗೊಳಿಸಿದ ಉಪಕರಣಗಳಲ್ಲಿ ರಿಫಾರ್ಮರ್ ಹೆಚ್ಚು ಪ್ರಸಿದ್ಧವಾದುದು. ಮಂಚದಂತಹ ಚೌಕಟ್ಟಿನೊಳಗೆ ಹಳಿಗಳ ಮೇಲೆ ಜಾರುವ ಹಲಗೆ, ಅದನ್ನು ಎಳೆದು ಹಿಡಿಯುವ ಸ್ಪ್ರಿಂಗುಗಳು, ಪಾದ ಊರಲು ಅಡ್ಡಪಟ್ಟಿ, ಕೈಕಾಲುಗಳಿಗೆ ಪಟ್ಟಿಗಳು – ಇವು ಇದರ ಭಾಗಗಳು. ಇಂತಹ ವ್ಯಾಯಾಮ ಉಪಕರಣವೊಂದಕ್ಕೆ ಅವರು 1927ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಹಲಗೆಯ ಮೇಲೆ ಮಲಗಿ ಪಾದಗಳಿಂದ ಅಡ್ಡಪಟ್ಟಿಯನ್ನು ಒತ್ತಿದಾಗ ಕುಳಿತೆದ್ದಂತೆಯೇ ಕಾಲುಗಳು ದುಡಿಯುತ್ತವೆ. ಆದರೆ ದೇಹದ ತೂಕ ಬೆನ್ನೆಲುಬಿನ ಮೇಲೆ ಇಳಿಯುವುದಿಲ್ಲ. ಸ್ಪ್ರಿಂಗುಗಳ ಸಂಖ್ಯೆಯನ್ನು ಬದಲಿಸಿ ಪ್ರತಿರೋಧವನ್ನು ಏರಿಸುವ ಅಥವಾ ಇಳಿಸುವ ಅನುಕೂಲ ಇದರಲ್ಲಿದೆ. ಕೆಲವು ಚಲನೆಗಳಲ್ಲಿ ಸ್ಪ್ರಿಂಗು ಎದುರಾಳಿಯಾಗುವ ಬದಲು ಆಸರೆಯಾಗಿ, ದುರ್ಬಲ ಹೊಟ್ಟೆಯವರು ಬೆನ್ನನ್ನು ನೋಯಿಸಿಕೊಳ್ಳದೆ ಏಳಲು ನೆರವಾಗುತ್ತದೆ.

ಕ್ಯಾಡಿಲ್ಯಾಕ್ ಎಂದು ಕರೆಯಲಾಗುವ ಚಪ್ಪರವುಳ್ಳ ಮಂಚ, ವುಂಡಾ ಚೇರ್ ಎಂಬ ಕುರ್ಚಿ, ಬೆನ್ನನ್ನು ಕಮಾನಿನಂತೆ ಆನಿಸುವ ಸ್ಪೈನ್ ಕರೆಕ್ಟರ್ ಮತ್ತು ತೊಡೆಗಳ ನಡುವೆ ಒತ್ತಿ ಹಿಡಿಯುವ ಮ್ಯಾಜಿಕ್ ಸರ್ಕಲ್ ಎಂಬ ಉಂಗುರ ಅವರ ಇತರ ಉಪಕರಣಗಳು. ದಿನನಿತ್ಯದ ಕುರ್ಚಿ ಮತ್ತು ಮಂಚಗಳ ತಪ್ಪು ಆಕಾರವೇ ಬೆನ್ನುನೋವಿಗೆ ದಾರಿ ಮಾಡಿಕೊಡುತ್ತದೆಂದು ನಂಬಿದ್ದ ಅವರು ಅವುಗಳಿಗೂ ಹೊಸ ವಿನ್ಯಾಸಗಳನ್ನು ರೂಪಿಸಿದ್ದರು.

ಕೃತಿಗಳು

ಪಿಲಾಟೀಸ್ ಎರಡು ಪುಸ್ತಕಗಳನ್ನು ಪ್ರಕಟಿಸಿದರು. 1934ರಲ್ಲಿ ಬಂದ ಯುವರ್ ಹೆಲ್ತ್ ಒಂದು ಕಿರುಹೊತ್ತಗೆ. ಆಧುನಿಕ ಜೀವನಶೈಲಿ, ಶಾಲೆಗಳಲ್ಲಿನ ವ್ಯಾಯಾಮ ಶಿಕ್ಷಣ ಮತ್ತು ಪೀಠೋಪಕರಣಗಳ ಕುರಿತ ಟೀಕೆಗಳು ಇದರಲ್ಲಿವೆ. ವಿಲಿಯಂ ಜಾನ್ ಮಿಲ್ಲರ್ ಅವರೊಂದಿಗೆ ಬರೆದ ರಿಟರ್ನ್ ಟು ಲೈಫ್ ಥ್ರೂ ಕಂಟ್ರಾಲಜಿ 1945ರಲ್ಲಿ ಹೊರಬಂದಿತು. ಉಪಕರಣಗಳಿಲ್ಲದೆ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳನ್ನು ಇದು ಛಾಯಾಚಿತ್ರಗಳ ಸಹಿತ ವಿವರಿಸುತ್ತದೆ. ಅರವತ್ತು ದಾಟಿದ್ದ ಪಿಲಾಟೀಸ್ ಅವರೇ ಈ ಚಿತ್ರಗಳಲ್ಲಿ ವ್ಯಾಯಾಮಗಳನ್ನು ಪ್ರದರ್ಶಿಸಿದ್ದಾರೆ. ಇಂದಿಗೂ ಸಾಂಪ್ರದಾಯಿಕ ಶಾಖೆಯವರು ಈ ಪುಸ್ತಕವನ್ನೇ ಮೂಲಗ್ರಂಥವೆಂದು ಪರಿಗಣಿಸುತ್ತಾರೆ.

ಏಕಾಗ್ರತೆ, ನಿಯಂತ್ರಣ, ಕೇಂದ್ರೀಕರಣ, ನಿಖರತೆ, ಪ್ರವಾಹ ಮತ್ತು ಉಸಿರಾಟ ಎಂಬ ಆರು ತತ್ತ್ವಗಳನ್ನು ಪಿಲಾಟೀಸ್ ಅವರೇ ಪಟ್ಟಿ ಮಾಡಿದರೆಂದು ಹಲವೆಡೆ ಬರೆಯಲಾಗಿದೆ. ವಾಸ್ತವದಲ್ಲಿ ಈ ಪಟ್ಟಿ ಅವರ ಮರಣದ ನಂತರ, 1980ರಲ್ಲಿ ಫಿಲಿಪ್ ಫ್ರೀಡ್‌ಮನ್ ಮತ್ತು ಗೇಲ್ ಐಸೆನ್ ಬರೆದ ಪುಸ್ತಕದ ಮೂಲಕ ಪ್ರಚಾರಕ್ಕೆ ಬಂದಿತು.

ಬೆನ್ನೆಲುಬಿನ ಕುರಿತ ನಿಲುವು

ನವಜಾತ ಶಿಶುವಿನ ಬೆನ್ನು ನೇರವಾಗಿರುವಂತೆ ವಯಸ್ಕರ ಬೆನ್ನೂ ನೇರವಾಗಿರಬೇಕೆಂಬುದು ಪಿಲಾಟೀಸ್ ಅವರ ದೃಢನಂಬಿಕೆಯಾಗಿತ್ತು. ಆದ್ದರಿಂದ ಮಲಗಿ ಮಾಡುವ ವ್ಯಾಯಾಮಗಳಲ್ಲಿ ಇಡೀ ಬೆನ್ನನ್ನು ಚಾಪೆಗೆ ಒತ್ತಿ ಸಪಾಟಾಗಿಸಬೇಕೆಂದು ಅವರು ಬೋಧಿಸಿದರು. ಶರೀರಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮಗು ತಲೆಯೆತ್ತಲು ಕಲಿತಾಗ ಕುತ್ತಿಗೆಯ ಬಾಗು, ನಿಂತು ನಡೆಯಲು ಕಲಿತಾಗ ಸೊಂಟದ ಒಳಬಾಗು ರೂಪುಗೊಳ್ಳುತ್ತವೆ. ಈ ಬಾಗುಗಳು ದೇಹದ ತೂಕವನ್ನು ಕಶೇರುಕಗಳು ಮತ್ತು ಅವುಗಳ ನಡುವಿನ ಬಿಲ್ಲೆಗಳ ಮೇಲೆ ಸಮನಾಗಿ ಹಂಚಲು ಅಗತ್ಯವಾದವು.

ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್‌ಸನ್ 1960ರ ದಶಕದಲ್ಲಿ ಜೀವಂತ ವ್ಯಕ್ತಿಗಳ ಕೆಳಬೆನ್ನಿನ ಬಿಲ್ಲೆಗಳೊಳಗಿನ ಒತ್ತಡವನ್ನು ಸೂಜಿಯ ಮೂಲಕ ಅಳೆದರು. ಅಂಗಾತ ಮಲಗಿದಾಗ ಒತ್ತಡ ಅತಿ ಕಡಿಮೆಯಿರುತ್ತದೆಂದೂ, ಮುಂದಕ್ಕೆ ಬಾಗಿ ಕುಳಿತಾಗ ನಿಂತಾಗಿಗಿಂತ ಹೆಚ್ಚಿರುತ್ತದೆಂದೂ ಅವರ ಅಳತೆಗಳು ತೋರಿಸಿದವು. ಮಲಗಿದ ಭಂಗಿಯನ್ನು ಪಿಲಾಟೀಸ್ ಆರಿಸಿಕೊಂಡದ್ದಕ್ಕೆ ಇದು ಬೆಂಬಲ ನೀಡುತ್ತದೆ. ಆದರೆ ಬೆನ್ನನ್ನು ಸುರುಳಿಯಂತೆ ಮುಂದಕ್ಕೆ ಬಗ್ಗಿಸುವ ಅವರ ಹಲವು ಚಲನೆಗಳಿಗೆ ಈ ಬೆಂಬಲ ದೊರೆಯುವುದಿಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಅವರ ಲೆಕ್ಕದಂತೆ ಮಲಗಿ ಪೂರ್ತಿಯಾಗಿ ಎದ್ದು ಕೂರುವ ವ್ಯಾಯಾಮ ಕೆಳಬೆನ್ನಿನ ಮೇಲೆ 3000 ನ್ಯೂಟನ್‌ಗೂ ಹೆಚ್ಚಿನ ಒತ್ತಡ ಹೇರುತ್ತದೆ. ಅವರು ಅದಕ್ಕೆ ಬದಲಾಗಿ, ಸೊಂಟದ ಸಹಜ ಬಾಗನ್ನು ಉಳಿಸಿಕೊಂಡು ತಲೆ ಮತ್ತು ಹೆಗಲನ್ನು ಮಾತ್ರ ಕೊಂಚ ಎತ್ತುವುದು, ಪಕ್ಕಕ್ಕೆ ಮಲಗಿ ಮೊಣಕೈಯ ಮೇಲೆ ದೇಹವನ್ನು ಎತ್ತಿ ಹಿಡಿಯುವುದು ಹಾಗೂ ಕೈ ಮತ್ತು ಮಂಡಿಗಳನ್ನು ಊರಿ ಎದುರುಬದುರಿನ ಕೈಕಾಲು ಚಾಚುವುದು – ಈ ಮೂರು ವ್ಯಾಯಾಮಗಳನ್ನು ಸೂಚಿಸಿದರು.

ಮೂಳೆಸವೆತ ಇರುವವರ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಅಗತ್ಯ. ಮೇಯೋ ಕ್ಲಿನಿಕ್‌ನ ಸಂಶೋಧಕರು 1984ರಲ್ಲಿ ಪ್ರಕಟಿಸಿದ, ಋತುಬಂಧದ ನಂತರ ಬೆನ್ನೆಲುಬಿನ ಮೂಳೆಸವೆತಕ್ಕೆ ಒಳಗಾದ 59 ಮಹಿಳೆಯರ ಅಧ್ಯಯನದಲ್ಲಿ, ಬೆನ್ನನ್ನು ಮುಂದಕ್ಕೆ ಬಗ್ಗಿಸುವ ವ್ಯಾಯಾಮ ಮಾಡಿದವರಲ್ಲಿ ಶೇ. 89 ಮಂದಿಗೆ ಹೊಸದಾಗಿ ಕಶೇರುಕಗಳ ಬಿರುಕು ಕಾಣಿಸಿಕೊಂಡಿತು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಈ ಪ್ರಮಾಣ ಶೇ. 16 ಮಾತ್ರ ಇತ್ತು. ಈ ಕಾರಣದಿಂದ ರೋಲ್ ಅಪ್, ರೋಲ್ ಓವರ್ ಮತ್ತು ಬೆನ್ನ ಮೇಲೆ ಉರುಳುವ ಚಲನೆಗಳನ್ನು ಅಂತಹವರಿಗೆ ಕಲಿಸಬಾರದೆಂಬ ನಿಯಮವನ್ನು ಇಂದಿನ ತರಬೇತುದಾರರು ಪಾಲಿಸುತ್ತಾರೆ.

ಹೀಗೆ ಸಪಾಟಾದ ಬೆನ್ನಿನ ಬದಲು ಸಹಜ ಬಾಗುಳ್ಳ ತಟಸ್ಥ ಬೆನ್ನನ್ನು ಆಧಾರವಾಗಿಟ್ಟುಕೊಂಡ ಶಾಖೆಯೊಂದು ಬೆಳೆಯಿತು. ಪಿಲಾಟೀಸ್ ಕಲಿಸಿದ ಕ್ರಮವನ್ನೇ ಉಳಿಸಿಕೊಂಡ ಶಾಖೆಯನ್ನು ಸಾಂಪ್ರದಾಯಿಕವೆಂದೂ, ತಿದ್ದುಪಡಿ ಮಾಡಿಕೊಂಡದ್ದನ್ನು ಸಮಕಾಲೀನವೆಂದೂ ಕರೆಯುವುದು ರೂಢಿಯಲ್ಲಿದೆ.

ಶಿಷ್ಯರು

ಪಿಲಾಟೀಸ್ ಅವರಿಂದ ನೇರವಾಗಿ ಕಲಿತು ಪದ್ಧತಿಯನ್ನು ಮುಂದುವರಿಸಿದವರನ್ನು ಹಿರಿಯರ ಬಳಗವೆಂದು ಗುರುತಿಸಲಾಗುತ್ತದೆ. ಬ್ಯಾಲೆ ನರ್ತಕಿ ರೊಮಾನಾ ಕ್ರಿಜನೋವ್ಸ್ಕಾ ಪಾದದ ಕೀಲಿನ ಗಾಯದಿಂದ ಬಳಲುತ್ತಿದ್ದಾಗ ಬ್ಯಾಲಂಚೀನ್ ಅವರ ಸೂಚನೆಯಂತೆ ಈ ವ್ಯಾಯಾಮಶಾಲೆಗೆ ಬಂದರು. ಮುಂದೆ ಗುರುವಿನ ಕ್ರಮವನ್ನು ಬದಲಿಸದೆ ಕಲಿಸಿದವರಲ್ಲಿ ಅವರು ಪ್ರಮುಖರಾದರು. ಕರೋಲಾ ಟ್ರೀರ್ ನ್ಯೂಯಾರ್ಕಿನಲ್ಲಿಯೇ ತಮ್ಮದೇ ವ್ಯಾಯಾಮಶಾಲೆ ತೆರೆದರು. ಆಧುನಿಕ ನೃತ್ಯಗಾತಿ ಈವ್ ಜೆಂಟ್ರಿ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಪಿಲಾಟೀಸ್ ಅವರ ಬಳಿ ಅಭ್ಯಾಸ ಮಾಡಿ ತೋಳು ಮತ್ತು ಮೈಯ ಚಲನೆಯನ್ನು ಮರಳಿ ಪಡೆದರು. ನಂತರ ನ್ಯೂ ಮೆಕ್ಸಿಕೋದ ಸಾಂಟಾ ಫೆ ನಗರದಲ್ಲಿ ನೆಲೆಸಿದ ಅವರು, ಮೂಲ ವ್ಯಾಯಾಮಗಳಿಗೆ ಮುನ್ನ ಕಲಿಸಬೇಕಾದ ಸಣ್ಣ ಪೂರ್ವಸಿದ್ಧತಾ ಚಲನೆಗಳನ್ನು ರೂಪಿಸಿದರು. ನೋವಿನಿಂದ ಬರುವವರಿಗೆ ಮೊದಲು ಶ್ರೋಣಿಯನ್ನು ಮೆಲ್ಲನೆ ವಾಲಿಸುವುದು, ಒಂದೊಂದೇ ಮಂಡಿಯನ್ನು ಎತ್ತುವುದು ಮುಂತಾದ ಇಂತಹ ಚಲನೆಗಳು ಇಂದು ಎಲ್ಲೆಡೆ ಬಳಕೆಯಲ್ಲಿವೆ.

ಕ್ಯಾಥಿ ಗ್ರಾಂಟ್ ಮತ್ತು ಲೊಲಿತಾ ಸಾನ್ ಮಿಗೆಲ್ ಅವರು ಪಿಲಾಟೀಸ್ ಅವರ ಜೀವಿತಕಾಲದಲ್ಲಿಯೇ ಶಿಕ್ಷಕರಾಗಿ ಪ್ರಮಾಣಪತ್ರ ಪಡೆದವರು. ರಾನ್ ಫ್ಲೆಚರ್ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿ ಶಾಲೆ ತೆರೆದದ್ದರಿಂದ ಚಲನಚಿತ್ರ ರಂಗದವರಿಗೆ ಈ ಪದ್ಧತಿ ಪರಿಚಯವಾಯಿತು.

ಕೊನೆಯ ವರ್ಷಗಳು

ತಮ್ಮ ಪದ್ಧತಿಯನ್ನು ಆಸ್ಪತ್ರೆಗಳೂ ಶಾಲೆಗಳೂ ಸ್ವೀಕರಿಸಬೇಕೆಂಬುದು ಪಿಲಾಟೀಸ್ ಅವರ ಬಹುಕಾಲದ ಬಯಕೆಯಾಗಿತ್ತು. ಆದರೆ ವೈದ್ಯಕೀಯ ಪದವಿಯಿಲ್ಲದ ವ್ಯಾಯಾಮ ಶಿಕ್ಷಕರೊಬ್ಬರ ವಾದಗಳಿಗೆ ಮನ್ನಣೆ ಸಿಗಲಿಲ್ಲ. ರೋಗಗಳಿಗೆಲ್ಲ ಒಂದೇ ಪರಿಹಾರವೆಂಬಂತೆ ಅವರು ತಮ್ಮ ಪದ್ಧತಿಯನ್ನು ಪ್ರತಿಪಾದಿಸಿದ್ದೂ ಇದಕ್ಕೆ ಒಂದು ಕಾರಣ. ಈ ಉದಾಸೀನ ಅವರನ್ನು ಕೊನೆಯವರೆಗೂ ಬಾಧಿಸಿತೆಂದು ಪರಿಚಿತರು ಹೇಳಿದ್ದಾರೆ.

1966ರಲ್ಲಿ ಎಂಟನೆಯ ಅವೆನ್ಯೂದ ಕಟ್ಟಡದಲ್ಲಿ ಬೆಂಕಿ ಅನಾಹುತ ಸಂಭವಿಸಿತು. ಪಿಲಾಟೀಸ್ ಆ ಬೆಂಕಿಯಿಂದಲೇ ಮೃತಪಟ್ಟರೆಂಬ ಜನಪ್ರಿಯ ಕಥೆ ಸರಿಯಲ್ಲ. ಅವರು ಮರುವರ್ಷ, 1967ರ ಅಕ್ಟೋಬರ್ 9ರಂದು, ತಮ್ಮ 83ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾದರು. ಶ್ವಾಸಕೋಶದ ಕಾಯಿಲೆಯಾದ ಎಂಫಿಸೀಮಾದಿಂದ ಅವರು ಬಳಲುತ್ತಿದ್ದರು. ಪೂರ್ಣ ಉಸಿರಾಟವನ್ನು ಬೋಧಿಸುತ್ತಿದ್ದ ಅವರು ಸಿಗಾರ್ ಸೇದುವ ಅಭ್ಯಾಸವನ್ನೂ ಹೊಂದಿದ್ದರು. ಅವರ ನಂತರ ಕ್ಲಾರಾ ಕೆಲವು ವರ್ಷ ವ್ಯಾಯಾಮಶಾಲೆಯನ್ನು ಮುಂದುವರಿಸಿದರು. 1970ರ ಸುಮಾರಿಗೆ ಅದರ ಹೊಣೆ ಕ್ರಿಜನೋವ್ಸ್ಕಾ ಅವರಿಗೆ ಬಂದಿತು. ಕ್ಲಾರಾ 1977ರಲ್ಲಿ ತೀರಿಕೊಂಡರು.

ಮರಣಾನಂತರದ ಪ್ರಭಾವ

1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸೇಂಟ್ ಫ್ರಾನ್ಸಿಸ್ ಸ್ಮಾರಕ ಆಸ್ಪತ್ರೆಯ ಕ್ರೀಡಾ ಮತ್ತು ನೃತ್ಯ ವೈದ್ಯಕೀಯ ವಿಭಾಗದಲ್ಲಿ ಪಿಲಾಟೀಸ್ ಪದ್ಧತಿಯನ್ನು ಪುನಶ್ಚೇತನ ಚಿಕಿತ್ಸೆಗೆ ಬಳಸಲಾರಂಭಿಸಿದರು. ಪದ್ಧತಿ ಜನಪ್ರಿಯವಾದಂತೆ ಹೆಸರಿನ ಹಕ್ಕಿನ ವಿವಾದವೂ ಹುಟ್ಟಿಕೊಂಡಿತು. 2000ದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಪಿಲಾಟೀಸ್ ಎಂಬುದು ಯೋಗ ಅಥವಾ ಕರಾಟೆಯಂತೆ ವ್ಯಾಯಾಮ ಪದ್ಧತಿಯೊಂದರ ಸಾಮಾನ್ಯ ಹೆಸರಾಗಿದ್ದು ಯಾರೊಬ್ಬರ ವ್ಯಾಪಾರಮುದ್ರೆಯಲ್ಲವೆಂದು ತೀರ್ಪು ನೀಡಿತು. ಆ ಬಳಿಕ ಯಾರು ಬೇಕಾದರೂ ಈ ಹೆಸರಿನಲ್ಲಿ ಕಲಿಸುವುದು ಸಾಧ್ಯವಾಯಿತು. ಶಿಕ್ಷಕರ ತರಬೇತಿಯ ಮಟ್ಟದಲ್ಲಿ ದೊಡ್ಡ ಅಂತರಗಳು ಉಂಟಾಗಲು ಇದೂ ಕಾರಣವಾಯಿತು.

ಇದೇ ಅವಧಿಯಲ್ಲಿ ಹೊಟ್ಟೆಯ ಒಳಪದರದ ಸ್ನಾಯುವಿನ ಬಗ್ಗೆ ವೈಜ್ಞಾನಿಕ ಆಸಕ್ತಿ ಬೆಳೆಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆರೋಗ್ಯವಂತರು ತೋಳನ್ನು ಎತ್ತುವ ಮೊದಲೇ ಅಡ್ಡಲಾಗಿ ಸುತ್ತುವ ಉದರ ಸ್ನಾಯು ಬಿಗಿಯುತ್ತದೆ. ಕೆಳಬೆನ್ನಿನ ನೋವಿರುವವರಲ್ಲಿ ಈ ಬಿಗಿತ ತಡವಾಗಿ ಬರುತ್ತದೆ. ಕೈಕಾಲು ಚಲಿಸುವ ಮುನ್ನ ನಡುವನ್ನು ಹಿಡಿದುಕೊಳ್ಳಬೇಕೆಂಬ ಪಿಲಾಟೀಸ್ ಅವರ ಪಾಠಕ್ಕೆ ಇದು ಸಮೀಪವಾಗಿದ್ದುದರಿಂದ ಚಿಕಿತ್ಸಕರು ಅವರ ವ್ಯಾಯಾಮಗಳತ್ತ ಹೊರಳಿದರು. ಆದರೆ ಒಂದೇ ಸ್ನಾಯುವನ್ನು ಬೇರ್ಪಡಿಸಿ ದುಡಿಸುವುದರಿಂದ ವಿಶೇಷ ಲಾಭವಿದೆಯೇ ಎಂಬ ಬಗ್ಗೆ ತಜ್ಞರಲ್ಲಿ ಈಗಲೂ ಭಿನ್ನಾಭಿಪ್ರಾಯವಿದೆ.

ಕೆಳಬೆನ್ನಿನ ನೋವಿಗೆ ಪಿಲಾಟೀಸ್ ಪದ್ಧತಿಯ ಉಪಯುಕ್ತತೆಯನ್ನು ಪರಿಶೀಲಿಸಿದ 2015ರ ಕಾಕ್ರೇನ್ ವಿಮರ್ಶೆ 510 ಮಂದಿ ಪಾಲ್ಗೊಂಡ 10 ಪ್ರಯೋಗಗಳನ್ನು ಒಟ್ಟುಗೂಡಿಸಿತು. ಅತ್ಯಲ್ಪ ಚಿಕಿತ್ಸೆಗೆ ಹೋಲಿಸಿದರೆ ಈ ವ್ಯಾಯಾಮಗಳಿಂದ ನೋವು ಮತ್ತು ಅಸಾಮರ್ಥ್ಯ ಕಡಿಮೆಯಾಗುತ್ತವೆ, ಆದರೆ ಇತರ ವ್ಯಾಯಾಮಗಳಿಗಿಂತ ಇವು ಮೇಲೆಂದು ಹೇಳಲು ನಿರ್ಣಾಯಕ ಸಾಕ್ಷ್ಯವಿಲ್ಲ ಎಂಬುದು ಅದರ ತೀರ್ಮಾನ. ಸಾಕ್ಷ್ಯಗಳ ಗುಣಮಟ್ಟ ಕಡಿಮೆಯಿಂದ ಮಧ್ಯಮ ಮಟ್ಟದ್ದೆಂದೂ ಅದು ಸೂಚಿಸಿತು.

ಪಿಲಾಟೀಸ್ ಪದ್ಧತಿ ಇಂದು ನೃತ್ಯಶಾಲೆಗಳು, ಕ್ರೀಡಾ ತರಬೇತಿ ಕೇಂದ್ರಗಳು ಮತ್ತು ಭೌತಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಬೆಂಗಳೂರು ಸೇರಿದಂತೆ ಭಾರತದ ಮಹಾನಗರಗಳಲ್ಲಿಯೂ ರಿಫಾರ್ಮರ್ ಮತ್ತು ಚಾಪೆಯ ತರಗತಿಗಳು ನಡೆಯುತ್ತವೆ. ಬಿಲ್ಲೆ ಜಾರಿದವರು, ಮೂಳೆಸವೆತ ಇರುವವರು, ಕಾಲಿಗೆ ಹರಿಯುವ ನೋವು ಅಥವಾ ಜೋಮು ಇರುವವರು ಹಾಗೂ ಇತ್ತೀಚೆಗೆ ಹೆರಿಗೆಯಾದವರು ವೈದ್ಯರ ಸಲಹೆ ಪಡೆದು, ತಮ್ಮ ಸ್ಥಿತಿಗೆ ಹೊಂದಿಸಿದ ಚಲನೆಗಳನ್ನು ಮಾತ್ರ ಅಭ್ಯಾಸ ಮಾಡುವುದು ಸೂಕ್ತವೆಂದು ತಜ್ಞರು ಅಭಿಪ್ರಾಯಪಡುತ್ತಾರೆ.